ಒದೆಯುವವರನ್ನು ಸಹಿಸದ ಮೈಲಾರಪ್ಪ ಸಾರ್

ಒಬ್ಬ ಹುಡುಗ ಚಹಾ ಕುಡಿಯುವುದನ್ನು ನೋಡಿದರೆ ಸಾಕು, ಅವನು ಹಾಕಿ ಆಡುವವನೋ ಫುಟ್‌ಬಾಲ್ ಆಡುವವನೋ ಎಂದು ಮೈಲಾರಪ್ಪ ಸಾರ್ ಹೇಳಿಬಿಡುತ್ತಿದ್ದರು. ನಾರಾಯಣಪೇಟೆಯ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಅವರು ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಪ್ಯಾಂಟಿಗೆ ಕಲೆ ಬೀಳದಂತೆ ಮೊಣಕಾಲ ಮೇಲೆ ಕರವಸ್ತ್ರ. ಒಳಗೆ ಬರುವ ಹುಡುಗರನ್ನು ಸಂತೆಯಲ್ಲಿ ಟಗರು ಅಳೆಯುವವರ ಹಾಗೆ ಮೇಲಿಂದ ಕೆಳಗೆ ನೋಡುವರು.

"ಅವನ್ನ ನೋಡು. ಒಂದು ಕಾಲು ಬೆಂಚಿನ ಮ್ಯಾಗ ಇಟ್ಟಾನ. ಚಾದ ಕಪ್ಪು ಬಾಯಿಗೆ ಹೋಗೂದಿಲ್ಲ ಇವರಿಗೆ, ಬಾಯೇ ಕಪ್ಪಿಗೆ ಬರತೈತಿ. ಮ್ಯಾಲೆ ಸುರ್ ಅಂತ ಸಪ್ಪಳ ಬ್ಯಾರೆ. ಒದಿಯೋ ಪೈಕಿ."

ವಿಚಾರಿಸಿದರೆ ಆ ಹುಡುಗ ಫುಟ್‌ಬಾಲ್ ಆಡುವವನೇ ಆಗಿರುತ್ತಿದ್ದ. ಹತ್ತಿರದ ಕಾಲೇಜಿನಲ್ಲಿ ಸಾರ್ ಫಿಸಿಕಲ್ ಡೈರೆಕ್ಟರ್. ಅಂದರೆ ಎಲ್ಲ ಆಟಗಳೂ ಅವರ ಕೈಕೆಳಗೇ ಇದ್ದವು. ಆದರೂ ಫುಟ್‌ಬಾಲ್ ಎಂಬ ಶಬ್ದ ಅವರ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. ಅದು 'ಒದಿಯೋ ಆಟ', ಆಡುವವರು 'ಒದಿಯೋರು'. ನಾನು ಆ ಒದಿಯೋರ ಕ್ಯಾಪ್ಟನ್. ಮಕ್ತಲ್‌ನಿಂದ ದಿನಾ ಬಸ್ಸಿಗೆ ಬಂದು ಓದುತ್ತಿದ್ದ ಕುರುಬರ ಮನೆಯ ಹುಡುಗ. ಹೀಗಾಗಿ ಅವರ ಬಗ್ಗೆ ಇಲ್ಲಿ ಬರೆಯುತ್ತಿರುವುದೆಲ್ಲ ಅವರು ಕಾಲಕಸವೆಂದು ಕಂಡವನೊಬ್ಬನ ಬರಹ. ಓದುವವರಿಗೆ ಅದು ಮೊದಲೇ ತಿಳಿದಿರಲಿ.

ಸಾರ್ ಹುಟ್ಟಿದ್ದು ನಾರ್ವದ ಹತ್ತಿರದ ಹಳ್ಳಿಯಲ್ಲಿ, ಅವರೂ ಕುರುಬರೇ. ಹುಡುಗರಿದ್ದಾಗ ಹೈದರಾಬಾದಿನ ಚಿಕ್ಕಪ್ಪನ ಮನೆಗೆ ಓದಲು ಹೋಗಿ, ಅಲ್ಲಿ ಹಾಕಿ ಕಲಿಸುತ್ತಿದ್ದ ಮುದುಕರೊಬ್ಬರ ಕೈಗೆ ಸಿಕ್ಕರು. ಅವರನ್ನು ಸಾರ್ 'ಉಸ್ತಾದ್' ಎನ್ನುತ್ತಿದ್ದರು. ಹೆಸರು ಹೇಳಿದ್ದಿಲ್ಲ. 'ಉಸ್ತಾದ್' ಎನ್ನುವಾಗ ಗೌರವಕ್ಕೆ ಕಿವಿ ಮುಟ್ಟಿಕೊಳ್ಳುತ್ತಿದ್ದರು.

"ಉಸ್ತಾದರು ಮೊದಲು ನಮಗ ಸ್ಟಿಕ್ ಮುಟ್ಟಾಕ ಕೊಡಲಿಲ್ಲ. ಸಲಾಮ್ ಮಾಡಾಕ ಕಲಿಸಿದರು. ಬೂಟಿನ ದಾರ ಕಟ್ಟಾಕ ಕಲಿಸಿದರು. ಹಿರಿಯರು ಬಂದ್ರ ಎದ್ದು ನಿಂದ್ರಾಕ ಕಲಿಸಿದರು. ಆಮ್ಯಾಲೆ ಸ್ಟಿಕ್. ಹಾಕಿ ಆಡೋನು ನೆಲಕ್ಕ ಬಗ್ಗಿ ಆಡತಾನಪ. ಬಗ್ಗೋದು ಕಲಿತೋನಿಗೆ ಅದಬ್ ತಾನೇ ಬರತೈತಿ. ಒದಿಯೋನಿಗೆ ಬಗ್ಗೋ ಕೆಲಸಾನೇ ಇಲ್ಲ. ಎದಿ ಸೆಟಿಸಿಕೊಂಡು ಓಡತಾನ, ಸಿಕ್ಕಿದ್ದಕ್ಕ ಒದಿತಾನ, ಬಿದ್ದರ ಹೊರಳ್ಯಾಡಿ ಅಳತಾನ. ಮೈದಾನ ಬಿಟ್ಟು ಮನಿಗೆ ಹೋದ್ರೂ ಹಂಗೇ ಇರತಾನ."

ಅದಬ್ ಅಂದರೆ ನಯವಿನಯ. ಅದು ಹಾಕಿಯವರಲ್ಲಿ ಇತ್ತೆನ್ನುವುದು ಸುಳ್ಳಲ್ಲ. ನಮ್ಮ ಕಾಲೇಜಿನ ಹಾಕಿ ಕ್ಯಾಪ್ಟನ್ ಶ್ರೀಕಾಂತ್ ಸೀರೆ ಅಂಗಡಿಯವರ ಮಗ. ಆಟ ಮುಗಿದ ಮೇಲೆ ಎದುರಾಳಿಗಳ ಕೈ ಕುಲುಕಿ, ಅಂಪೈರ್‌ಗೆ ಥ್ಯಾಂಕ್ಯೂ ಹೇಳಿ, ಸ್ಟಿಕ್ಕಿಗೆ ಅಂಟಿದ ಮಣ್ಣನ್ನು ಬಟ್ಟೆಯಿಂದ ಒರೆಸಿ, ತಲೆ ಬಾಚಿಕೊಂಡೇ ಹೊರಗೆ ಬರುತ್ತಿದ್ದ. ಎದುರಾಳಿಯ ಕಣಕಾಲಿಗೆ ಬೇಕೆಂದೇ ಬಾರಿಸಿ, ಅವನು ನೆಲಕ್ಕೆ ಬೀಳುವ ಮುಂಚೆಯೇ 'ಸಾರಿ' ಎಂದುಬಿಡುವಷ್ಟು ನಯ ಅವನದು. ಅವರ ಗುಂಪು ಹೋಟೆಲಿಗೆ ಬಂದರೆ ಗದ್ದಲವೇ ಇರುತ್ತಿರಲಿಲ್ಲ. ಮೆಲ್ಲಗೆ ಮಾತಾಡಿಕೊಳ್ಳುವರು, ಮಾತೆಲ್ಲ ಅಲ್ಲಿಲ್ಲದವರ ಮೇಲೆ. ತಮ್ಮ ಸ್ಟಿಕ್ಕನ್ನು ಇನ್ನೊಬ್ಬರು ಮುಟ್ಟಿದರೆ ಏನೂ ಅನ್ನುವುದಿಲ್ಲ. ಮುಟ್ಟಿದವನು ಅತ್ತ ಹೋದ ಮೇಲೆ ಒರೆಸಿಕೊಳ್ಳುವರು.

ನಮ್ಮವರಿಗೆ ಆ ನಾಜೂಕೂ ಇರಲಿಲ್ಲ. ಒಂದು ಚೆಂಡು, ಎರಡು ಜೊತೆ ಬೂಟು, ಉಳಿದವರು ಬರಿಗಾಲು. ಗೆದ್ದರೆ ಬಸ್ಸಿನ ಮಾಡು ಹತ್ತಿ ಸಿಳ್ಳೆ, ಸೋತರೆ ಬಸ್ಸಿನೊಳಗೇ ಹೊಡೆದಾಟ. ಕೂದಲಿಗೆ ಬಣ್ಣ ಹಾಕಿಕೊಂಡವರು, ಗುಟ್ಕಾ ಜಗಿಯುತ್ತಲೇ ಚೆಂಡಿನ ಹಿಂದೆ ಓಡುವವರು. ಗೋಲ್‌ಕೀಪರ್ ಮಲ್ಲೇಶಿ ರೆಫರಿಯ ತಾಯಿಯ ವಿಷಯ ಎತ್ತದೆ ಒಂದು ಪಂದ್ಯವನ್ನೂ ಮುಗಿಸಿದವನಲ್ಲ. ನಾವು ಕೂತೆದ್ದ ಹೋಟೆಲಿನ ಬೆಂಚನ್ನು ಮಾಲೀಕ ನೀರು ಹಾಕಿ ತೊಳೆಯುತ್ತಿದ್ದ. ಇಂಥವರನ್ನು ಕಂಡು ಸಾರ್ ಮೂಗು ಮುರಿಯುತ್ತಿದ್ದುದರಲ್ಲಿ ಅನ್ಯಾಯವೇನೂ ಇರಲಿಲ್ಲ. ಆದರೆ ಅವರು ಇನ್ನೊಂದು ಕಡೆಯವರನ್ನು ನೋಡಿ ಕಣ್ಣರಳಿಸುತ್ತಿದ್ದರಲ್ಲ, ಅದು ನಮಗೆ ಹೊಟ್ಟೆ ಉರಿಸುತ್ತಿತ್ತು.

ನಮ್ಮ ಪಂದ್ಯವಿದ್ದ ದಿನ ಕೆಲಸದ ಮೇಲೆ ಅವರು ಬರಲೇಬೇಕು. ಬಂದು ಮೈದಾನಕ್ಕೆ ಬೆನ್ನು ಮಾಡಿ ಕುರ್ಚಿ ಹಾಕಿಸಿಕೊಳ್ಳುವರು. ಒಮ್ಮೆ ನಾನು ಬಿದ್ದು ಹೆಗಲ ಕೀಲು ತಪ್ಪಿತು. ಅವರೇ ಓಡಿ ಬಂದು ತಮ್ಮ ಬಿಳಿ ಅಂಗಿಗೆ ನನ್ನನ್ನು ಒರಗಿಸಿಕೊಂಡು ಸ್ಕೂಟರಿನಲ್ಲಿ ಕೂರಿಸಿ ಡಾಕ್ಟರ ಹತ್ತಿರ ಒಯ್ದರು. ದಾರಿಯುದ್ದಕ್ಕೂ ಬೈಗುಳ.

"ಅಳಬ್ಯಾಡ. ಅಳೋದು ನಿಮ್ಮ ಆಟದಾಗ ಒಂದು ಐಟಮ್ ಅಂತ ನನಗ ಗೊತ್ತೈತಿ. ಇಲ್ಲಿ ರೆಫರಿ ಇಲ್ಲ, ಯಾರಿಗೆ ತೋರಸಾಕ ಅಳತಿ?"

"ಖರೇನೇ ನೋವಾಗಾಕತ್ತೈತಿ ಸಾರ್."

"ಆಗಲಿ. ಖರೇ ನೋವು ಹೆಂಗ ಇರತೈತಿ ಅಂತ ನಿಮ್ಮ ಮಂದಿಗೂ ಗೊತ್ತಾಗಲಿ."

ಡಾಕ್ಟರು ಕೀಲು ಕೂರಿಸುವಾಗ ನನ್ನ ಇನ್ನೊಂದು ಕೈಯನ್ನು ಅವರು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಕೆಲಸ ಮುಗಿದೊಡನೆ ಬಿಟ್ಟು, ಅಂಗಿಯ ಮೇಲಿನ ಕೆಸರು ನೋಡಿಕೊಂಡು "ಥೂ" ಎಂದರು.

ಆ ವರ್ಷವೇ ಗದ್ವಾಲದಲ್ಲಿ ಅಂತರ ಕಾಲೇಜು ಪಂದ್ಯಗಳು. ಎರಡೂ ತಂಡಗಳಿಗೆ ಒಂದೇ ಬಸ್ಸು, ಇಳಿದುಕೊಳ್ಳಲು ಒಂದೇ ಮದುವೆ ಛತ್ರ. ಬಸ್ಸಿನಲ್ಲಿ ಹಾಕಿಯವರು ಮುಂದೆ, ನಾವು ಹಿಂದೆ. ಛತ್ರದಲ್ಲಿ ಅವರು ಫ್ಯಾನಿನ ಕೆಳಗೆ, ನಾವು ಪಾತ್ರೆ ತೊಳೆಯುವ ಕಟ್ಟೆಯ ಪಕ್ಕದಲ್ಲಿ. ಎರಡನೆಯ ದಿನ ಬೆಳಿಗ್ಗೆ ಛತ್ರದ ಕೈ ತೊಳೆಯುವ ಬೇಸಿನ್ ಒಡೆದು ಎರಡು ಹೋಳಾಗಿ ಬಿದ್ದಿತ್ತು. ಸಾರ್ ಒಂದು ಕ್ಷಣವೂ ಯೋಚಿಸಲಿಲ್ಲ. ನೇರ ನಮ್ಮ ಹತ್ತಿರ ಬಂದರು.

"ಯಾರು ಹತ್ತಿ ಕುಂತಿದ್ರಿ ಅದರ ಮ್ಯಾಗ?"

"ನಾವಲ್ಲ ಸಾರ್," ಎಂದೆ.

ಅಷ್ಟರಲ್ಲಿ ಛತ್ರದ ಒಡತಿ, ತೆಲುಗು ಬೆರೆಸಿ ಮಾತಾಡುವ ದಪ್ಪನೆಯ ಹೆಂಗಸು, ಸೆರಗು ಸಿಕ್ಕಿಸಿಕೊಂಡು ಬಂದಳು. "ಇವರು ಕಾದು ಸಾರೂ, ಇವರಲ್ಲ. ಆ ಬಿಳಿ ಅಂಗಿ ಅಬ್ಬಾಯಿ ಬೂಟು ತೊಳಿಯಾಕ ಅದರಾಗ ಕಾಲಿಟ್ಟು ನಿಂತಿದ್ದ. ನಾನೇ ಕಣ್ಣಾರೆ ನೋಡೀನಿ," ಎಂದು ಶ್ರೀಕಾಂತನ ಕಡೆ ಕೈ ಮಾಡಿದಳು.

ಶ್ರೀಕಾಂತ್ ತನ್ನ ಬೂಟುಗಳನ್ನೇ ನೋಡುತ್ತ ನಿಂತಿದ್ದ. ಅವು ಥಳಥಳ ಹೊಳೆಯುತ್ತಿದ್ದವು. ಸಾರ್ ಅವನನ್ನು ನೋಡಿದರು, ಅವನು ತಲೆ ಎತ್ತಲಿಲ್ಲ. ಬಾಯಿ ಬಿಡಲಿ ಎಂದು ಅವರು ಕಾಯುತ್ತಿದ್ದುದು ನಮ್ಮೆಲ್ಲರಿಗೂ ಕಾಣುತ್ತಿತ್ತು. ಅವನು ಬಿಡಲಿಲ್ಲ.

"ನಮ್ಮ ಹುಡುಗ ಒಡದಿದ್ರ ತಾನೇ ಬಂದು ಹೇಳತಿದ್ದ ಅಮ್ಮಾ," ಎಂದರು ಸಾರ್ ಕೊನೆಗೆ. ನಮ್ಮ ಕಡೆ ತಿರುಗಿ, "ಕ್ಷಮಾ ಕೇಳ್ರಿ," ಎಂದರು.

ಕೇಳಿದೆವು. ಮಲ್ಲೇಶಿ ಮಾತ್ರ ಒಡತಿಯನ್ನು ಬಿಟ್ಟು ಒಡೆದ ಬೇಸಿನ್‌ಗೆ ಕೈ ಮುಗಿದು, "ತಪ್ಪಾತವ್ವಾ," ಎಂದ. ಛತ್ರದ ತುಂಬ ನಗು. ಹಾಕಿಯವರೂ ನಕ್ಕರು, ಬಾಯಿಗೆ ಕೈ ಅಡ್ಡ ಹಿಡಿದುಕೊಂಡು.

ಅಂದಿನಿಂದ ನಾನು ಸಾರ್ ಅವರನ್ನು ಒಳಗೊಳಗೇ ತಿರಸ್ಕರಿಸತೊಡಗಿದೆ. ಅವರಿಗೆ ಗೊತ್ತಿತ್ತು ಎಂಬುದೇ ನನ್ನ ಸಿಟ್ಟು. ಗೊತ್ತಿಲ್ಲದವನು ತಪ್ಪಿದರೆ ಮೂರ್ಖ ಎನ್ನಬಹುದು. ಇವರು ಉಸ್ತಾದರ ಹೆಸರಿಗೆ ಮಸಿ ಹತ್ತಬಾರದೆಂದು ಕಣ್ಣು ಮುಚ್ಚಿದ್ದರು. ಹಿಂತಿರುಗುವಾಗ ಬಸ್ಸಿನಲ್ಲಿ ಅವರು ಶ್ರೀಕಾಂತನ ಪಕ್ಕದ ಸೀಟು ಬಿಟ್ಟು ಡ್ರೈವರ್ ಹತ್ತಿರ ಹೋಗಿ ಕೂತರು. ಮರುದಿನ ಮಾತ್ರ ಹೋಟೆಲಿನಲ್ಲಿ ಎಂದಿಗಿಂತ ಜೋರಾಗಿ ನಮ್ಮನ್ನು ಜಾಡಿಸಿದರು.

ಆಮೇಲೆ ಪ್ರತ್ಯೇಕ ತೆಲಂಗಾಣ ರಾಜ್ಯದ ಹೋರಾಟ ಬಿಸಿಯೇರಿತು. ಕಾಲೇಜು ನಡೆದರೆ ನಡೆಯಿತು, ಇಲ್ಲದಿದ್ದರೆ ಇಲ್ಲ. ಬಸ್ಸುಗಳು ನಿಂತವು. ಊರೂರಲ್ಲಿ ರಸ್ತೆಗೆ ಕಲ್ಲು ಅಡ್ಡ ಇಟ್ಟು, ನಡುವೆ ಒಲೆ ಹೂಡಿ, ಅಲ್ಲೇ ಅಡುಗೆ ಮಾಡಿ, ಅಲ್ಲೇ ಉಂಡು ದಾರಿ ತಡೆಯುತ್ತಿದ್ದರು. ಮಕ್ತಲ್‌ನಲ್ಲಿ ರಾಯಚೂರಿನ ದಾರಿಗೆ ಅಡ್ಡ ಕೂತವರಲ್ಲಿ ನಮ್ಮ ತಂಡವೆಲ್ಲ ಇತ್ತು. ರಾಜ್ಯದ ಚಿಂತೆ ಎಲ್ಲರಿಗೂ ಇತ್ತೆಂದು ಹೇಳಲಾರೆ. ಕೂಗಾಡಲು ಒಂದು ಜಾಗ ಸಿಕ್ಕಿತ್ತು, ಬಿಟ್ಟಿ ಉಪ್ಪಿಟ್ಟು ಇತ್ತು.

ಅಂಥ ಒಂದು ಬೆಳಿಗ್ಗೆ ಜೀಪೊಂದು ಬಂದು ನಿಂತಿತು. ಒಳಗೆ ಮೈಲಾರಪ್ಪ ಸಾರ್ ಮತ್ತು ಹಾಕಿಯವರು. ರಾಯಚೂರಿನಲ್ಲಿ ಪಂದ್ಯ. ಹಿಂದೆ ಇನ್ನೊಂದು ಜೀಪಿನಲ್ಲಿ ಉಳಿದ ಹುಡುಗರು. ಸಾರ್ ಇಳಿದು, ಬಿಳಿ ಪ್ಯಾಂಟಿನಲ್ಲಿ ಹೊಗೆಯ ನಡುವೆ ನಡೆದು ಬಂದು ನನ್ನನ್ನು ಗುರುತಿಸಿದರು.

"ಬೀರೇಶಾ, ಕಲ್ಲು ಸರಸು. ಪಂದ್ಯದ ವ್ಯಾಳೆ ಆತು."

ನಾನು ಉತ್ತರ ಕೊಡುವ ಮೊದಲೇ ಒಲೆಯ ಹತ್ತಿರ ಕೂತಿದ್ದ ನಮ್ಮಪ್ಪ ಎದ್ದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಸೌಟು. ಸಾರ್ ಮುಖವನ್ನು ನಿಟ್ಟಿಸಿದ.

"ನೀ ನಾರ್ವದ ಕಡೆಯ ಹನುಮಪ್ಪನ ಮಗ ಅಲ್ಲೇನೋ? ಮೈಲಾರಿ! ನಮ್ಮ ಹಟ್ಟಿಗೆ ನಿಮ್ಮಪ್ಪನ ಸಂಗಾಟ ಕುರಿ ಹೊಡಕೊಂಡು ಬರತಿದ್ದಿ. ಚಡ್ಡ್ಯಾಗ ಇದ್ದಿ ಆವಾಗ. ಬಾರಪ, ಉಪ್ಪಿಟ್ಟು ತಿಂದು ಹೋಗು."

ಜೀಪಿನಿಂದ ಹಾಕಿಯವರು ಕತ್ತು ಹೊರಗೆ ಹಾಕಿದ್ದರು. ಸಾರ್ ಮುಖ ಕೆಂಪಾಯಿತು. 'ಅಲ್ಲ' ಎಂದುಬಿಡುತ್ತಾರೆ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಹಾಗೆ ಅಂದರೆ ನನ್ನ ತಿರಸ್ಕಾರ ಪೂರ್ತಿಯಾಗುತ್ತದೆಂದು ಕಾದಿದ್ದೆ.

"ಹೌದ್ರಿ ಕಾಕಾ," ಎಂದರು ಸಾರ್. "ಹನುಮಪ್ಪನ ಮಗನೇ." ಬಗ್ಗಿ ನಮ್ಮಪ್ಪನ ಕಾಲು ಮುಟ್ಟಿದರು. ಮುತ್ತುಗದ ಎಲೆಗೆ ಉಪ್ಪಿಟ್ಟು ಹಾಕಿಸಿಕೊಂಡು ನಿಂತಲ್ಲೇ ತಿಂದರು, ಒಂದು ಕಾಳೂ ಕೆಳಗೆ ಬೀಳದ ಹಾಗೆ. ಆಮೇಲೆ ಜೀಪಿನ ಕಡೆ ತಿರುಗಿ, "ಶ್ರೀಕಾಂತ್, ಕೆಳಗಿಳಿ. ಹಿರಿಯರಿಗೆ ನಮಸ್ಕಾರ ಮಾಡು," ಎಂದರು.

ಶ್ರೀಕಾಂತ್ ಇಳಿದು ಬಂದ. "ನಮಸ್ತೆ ಅಂಕಲ್," ಎಂದು ಚಂದವಾಗಿ ಕೈ ಕೊಟ್ಟ. ನಮ್ಮಪ್ಪ ಉಪ್ಪಿಟ್ಟು ಮೆತ್ತಿದ ಕೈಯಿಂದಲೇ ಅದನ್ನು ಹಿಡಿದು ಕುಲುಕಿದ. ಶ್ರೀಕಾಂತ್ ನಗುತ್ತಲೇ ಜೀಪಿಗೆ ಹೋಗಿ, ಒಳಗೆ ಕೂತ ಮೇಲೆ ಕರವಸ್ತ್ರ ತೆಗೆದು ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡ. ಪಕ್ಕದವನು ಏನೋ ಅಂದ, ಜೀಪೆಲ್ಲ ಕಿಸಕ್ಕೆಂದಿತು. ಸಾರ್ ನೋಡಿದರು. ಈ ಸಲ ನೋಡದಂತೆ ಮಾಡಲು ಆಗಲಿಲ್ಲ, ಅವರು ಜೀಪಿಗೆ ಎದುರಾಗಿಯೇ ನಿಂತಿದ್ದರು.

ನಮ್ಮಪ್ಪ ತಾನೇ ಕಲ್ಲು ಸರಿಸಿ ದಾರಿ ಬಿಡಿಸಿದ. ಆದರೆ ಅಷ್ಟರಲ್ಲಿ ನಮ್ಮವರು ನಮ್ಮವರ ಕೆಲಸ ಮಾಡಿ ಮುಗಿಸಿದ್ದರು. ಮಲ್ಲೇಶಿ ಎರಡೂ ಜೀಪುಗಳ ಚಕ್ರದ ಗಾಳಿ ಬಿಟ್ಟಿದ್ದ. ಯಾಕೆ ಎಂದರೆ ಅವನಿಗೇ ಗೊತ್ತಿರಲಿಲ್ಲ. ಗಾಳಿ ತುಂಬಿಸುವ ಅಂಗಡಿ ಬಂದ್ ಇತ್ತು. ಪಂದ್ಯ ತಪ್ಪಿತು.

ಚಕ್ರಗಳು ನೆಲಕ್ಕೆ ಕುಸಿದ ಜೀಪಿನ ಪಕ್ಕದಲ್ಲಿ ನಿಂತು ಸಾರ್ ನಮ್ಮೆಲ್ಲರ ಮುಖಗಳನ್ನು ನೋಡಿದರು. "ನಿಮಗ ರಾಜ್ಯ ಸಿಗಲಿ," ಎಂದರು. "ಸಿಕ್ಕ ಮರುದಿನ ಅದಕ್ಕೂ ಒದಿತೀರಿ."

ರಾಜ್ಯ ಸಿಕ್ಕಿತು. ಮೊದಲ ಉತ್ಸವಕ್ಕೆ ನಾರಾಯಣಪೇಟೆಯಲ್ಲಿ ಮೆರವಣಿಗೆ, ಭಾಷಣ, ಜೊತೆಗೊಂದು ಪಂದ್ಯ ಇರಲಿ ಎಂದು ದೊಡ್ಡವರು ತೀರ್ಮಾನಿಸಿದರು. ಸಾರ್ ಹಾಕಿ ಪಂದ್ಯ ಎಂದು ಊರಿಗೆಲ್ಲ ಹೇಳಿದರು. ಗದ್ವಾಲದ ತಂಡ ಒಪ್ಪಿಕೊಂಡಿತು. ನಮ್ಮ ಕಾಲೇಜಿನ ಹಾಕಿಯವರು ಮಾತ್ರ ಒಬ್ಬೊಬ್ಬರಾಗಿ ಜಾರಿಕೊಂಡರು. ಹೊಸ ರಾಜ್ಯದಲ್ಲಿ ನೌಕರಿಗಳು ಬೀಳುತ್ತವೆಂದು ಕೆಲವರು ಹೈದರಾಬಾದಿನ ಕೋಚಿಂಗ್ ಸೇರಿದ್ದರು. ಊರಲ್ಲೇ ಇದ್ದವರಿಗೆ ಬಿಸಿಲು ಜಾಸ್ತಿ, ಗರಸಿನ ಮೈದಾನದಲ್ಲಿ ಸ್ಟಿಕ್ ಹಾಳಾಗುತ್ತದೆ. ಎಲ್ಲರೂ ಸಾರ್ ಫೋನಿಗೆ ಮೆಸೇಜ್ ಕಳಿಸಿದ್ದರು. ಎಲ್ಲ ಮೆಸೇಜಿನಲ್ಲೂ 'ಸಾರಿ' ಇತ್ತು, 'ವಿತ್ ರಿಗಾರ್ಡ್ಸ್' ಇತ್ತು. ನಯಕ್ಕೆ ಏನೂ ಕೊರತೆಯಿರಲಿಲ್ಲ.

ನಾವು ಹೋಟೆಲಿನಲ್ಲಿ ಬೆಂಚಿನ ಮೇಲೆ ಕಾಲಿಟ್ಟು ಕೂತಿದ್ದಾಗ ಸಾರ್ ಬಂದರು. ಕೂರಲಿಲ್ಲ.

"ಗದ್ವಾಲದವರು ಬರತಾರ. ಎದುರು ನಿಂದ್ರಾಕ ಹನ್ನೊಂದು ಮಂದಿ ಬೇಕು."

ನಮಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮಲ್ಲೇಶಿ ಹಲ್ಲು ಕಿರಿದ. "ಸಾರ್, ನಾವು ಒದಿಯೋರು."

"ಗೊತ್ತೈತಿ. ಒದಿಬ್ಯಾಡ್ರಿ ಅಂತ ಹೇಳಾಕ ಬಂದೀನಿ."

"ನಿಮ್ಮ ಅದಬ್‌ನವರು ಎಲ್ಲಿ ಹೋದರ್ರಿ?" ಎಂದು ನಾನು ಕೇಳಿದೆ. ಚುಚ್ಚಬೇಕೆಂದೇ ಕೇಳಿದೆ.

ಸಾರ್ ಸಿಟ್ಟಾಗಲಿಲ್ಲ. "ಅದನ್ನ ಕೇಳಬ್ಯಾಡಪ," ಎಂದರು. "ಬರತೀರೋ ಇಲ್ಲೋ ಅಷ್ಟು ಹೇಳ್ರಿ."

ಹೋದೆವು. ಅವರ ಮೇಲಿನ ಪ್ರೀತಿಯಿಂದ ಹೋದೆವೆಂದರೆ ಮಲ್ಲೇಶಿಯೂ ನಗುತ್ತಾನೆ. ಸಾರ್ ನಮ್ಮ ಮುಂದೆ ಬಂದು ಕೇಳಿಕೊಂಡರಲ್ಲ, ಆ ಸೊಕ್ಕಿಗೆ ಹೋದೆವು. ಪಂದ್ಯಕ್ಕೆ ಉಳಿದ ದಿನಗಳಲ್ಲಿ ಸಾರ್ ನಮ್ಮ ಬೆನ್ನ ಮೇಲೆ ಸ್ಟಿಕ್ಕಿನಿಂದ ತಟ್ಟಿ ತಟ್ಟಿ ಬಗ್ಗಿಸಿದರು. "ಇನ್ನೂ ಕೆಳಗ. ನೆಲ ನೋಡು. ಹುಟ್ಟಿದಾಗಿಂದ ನೆಲ ನೋಡಿಲ್ಲೇನು ನೀ?" ಸೊಂಟ ಮುರಿದುಹೋಯಿತು.

ಪಂದ್ಯದ ದಿನ ಸಾರೇ ಒಬ್ಬ ಅಂಪೈರ್. ಹಾಕಿಯಲ್ಲಿ ಗೋಲ್‌ಕೀಪರ್ ಬಿಟ್ಟು ಬೇರೆಯವರ ಕಾಲು ಚೆಂಡಿಗೆ ತಗಲಿದರೆ ತಪ್ಪು. ನಮಗೋ ಚೆಂಡು ಕಂಡರೆ ಮೊದಲು ಕಾಲೇ ಹೋಗುತ್ತಿತ್ತು. ಸಾರ್ ಒಂದನ್ನೂ ಬಿಡದೆ ಸೀಟಿ ಊದಿದರು. ಮಲ್ಲೇಶಿ ಗೋಲಿನೊಳಗಿಂದ ಬೈಯತೊಡಗಿದಾಗ ಅವನನ್ನು ಹೊರಗೆ ಕಳಿಸಿದರು. ನಾನು ಗೋಲಿನ ಬಾಯಲ್ಲಿ ಚೆಂಡನ್ನು ಒದ್ದಾಗ ಓಡಿ ಬಂದು, "ಬುದ್ಧಿ ಎಲ್ಲಿ ಹೋಗೈತಿ?" ಎಂದು ಎಲ್ಲರೆದುರು ಕೂಗಿದರು. ಜನ ಬಿದ್ದು ಬಿದ್ದು ನಕ್ಕರು. ಹೀನಾಯವಾಗಿ ಸೋತೆವು.

ಮುಗಿದ ಮೇಲೆ ವೇದಿಕೆಯ ಮೇಲಿದ್ದ ಅಧಿಕಾರಿಯೊಬ್ಬರು ಮೈಕಿನಲ್ಲಿ, "ನಮ್ಮ ಕಾಲೇಜಿನ ಹಾಕಿ ಆಟಗಾರರು ಸೋತರೂ ಒಳ್ಳೆಯ ಶಿಸ್ತು ತೋರಿಸಿದರು," ಎಂದು ಹೊಗಳಿದರು. ಸಾರ್ ಸರಸರನೆ ವೇದಿಕೆ ಹತ್ತಿ ಮೈಕ್ ಈಸಿಕೊಂಡರು.

"ತಪ್ಪು ತಿಳೀಬ್ಯಾಡ್ರಿ. ಇವರು ಹಾಕಿಯವರಲ್ಲ. ಇವರಿಗೆ ಹಾಕಿ ಬರಂಗಿಲ್ಲ, ನೀವೇ ನೋಡಿದ್ರಿ. ಶಿಸ್ತಂತೂ ಮೊದಲೇ ಇಲ್ಲ. ಹಾಕಿ ಬರೋರು, ನಡತಿ ಬರೋರು, ನಾನು ಕೈ ಹಿಡಿದು ಕಲಿಸಿದೋರು, ಎಲ್ಲಾರೂ ಇವತ್ತು ನೆರಳಾಗ ಕುಂತಾರ. ಈ ಬುದ್ಧಿಗೇಡಿಗಳು ಬಿಸಲಾಗ ಬಂದು ನಿಂತರು. ಅಷ್ಟು ಹೇಳಬೇಕಿತ್ತು."

ಮೈಕ್ ವಾಪಸು ಕೊಟ್ಟು ಇಳಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಶ್ರೀಕಾಂತನ ಅಪ್ಪ ಮೊದಲ ಸಾಲಿನಲ್ಲೇ ಕೂತಿದ್ದರು. ನಮ್ಮ ಪಕ್ಕದಿಂದ ಹಾದು ಹೋಗುವಾಗ ಸಾರ್ ನಿಲ್ಲಲೂ ಇಲ್ಲ, ನಗಲೂ ಇಲ್ಲ. "ಸ್ಟಿಕ್ ಒರಸಿ ಇಡ್ರಿ," ಎಂದಷ್ಟೇ ಹೇಳಿ ಹೋದರು. ಅವರ ಮೇಲೆ ನಾನು ಸಾಕಿಕೊಂಡು ಬಂದ ತಿರಸ್ಕಾರ ಅಂದು ಎಲ್ಲಿಗೆ ಹೋಯಿತೋ, ಹುಡುಕಿದರೂ ಸಿಗಲಿಲ್ಲ. ಹಾಕಿಯವರ ಮೇಲಿನದು ಹಾಗೇ ಉಳಿದಿದೆ. ನಮ್ಮವರ ಮೇಲಿನದೂ.

ನಿವೃತ್ತರಾದ ಮೇಲೆ ಸಾರ್ ಹೆಂಡತಿಯೊಡನೆ ಗದ್ವಾಲದಲ್ಲಿ ಮಗಳ ಮನೆಯ ಹತ್ತಿರ ಹೋಗಿ ನೆಲೆಸಿದರು. ನಾನು ಕೊತ್ತಪಲ್ಲಿಯ ಶಾಲೆಯಲ್ಲಿ ಡ್ರಿಲ್ ಮಾಸ್ತರನಾದೆ. ಮಲ್ಲೇಶಿ ಗದ್ವಾಲದ ಹತ್ತಿರ ಐಜ ಎಂಬ ಊರಿನ ಹತ್ತಿ ಮಿಲ್ಲಿಗೆ ಸೇರಿದ. ಸಾರ್‌ಗೆ ಲಕ್ವ ಹೊಡೆದು ಆಸ್ಪತ್ರೆಯಲ್ಲಿದ್ದಾರೆ ಎಂದು ಅವನೇ ಫೋನ್ ಮಾಡಿದ. ಹಳೆಯ ತಂಡದ ನಾಲ್ಕೈದು ಜನ ಕೂಡಿ ಹೋದೆವು.

ಬಾಗಿಲಲ್ಲೇ ಸಾರ್ ಹೆಂಡತಿ ಸಿಕ್ಕರು. "ಮಾತು ತೊದಲತಾವಪ. ಭಾಳ ಮಾತಾಡಸಬ್ಯಾಡ್ರಿ," ಎಂದರು. ಶ್ರೀಕಾಂತ್ ಬಂದು ಹೋಗಿದ್ದನಂತೆ. ಹಣ್ಣು ತಂದು, ಮೆಲ್ಲಗೆ ಮಾತಾಡಿ, ಹೊತ್ತಾಗುವ ಮೊದಲೇ ಎದ್ದುಹೋದನಂತೆ. ಎಲ್ಲ ಕ್ರಮವಾಗಿಯೇ ಮಾಡಿದ್ದ.

ನಾವು ಕ್ರಮ ಗೊತ್ತಿಲ್ಲದೆ ಒಟ್ಟಿಗೇ ನುಗ್ಗಿದೆವು. ಒಬ್ಬನ ಫೋನ್ ಹಾಡತೊಡಗಿತು. ಇನ್ನೊಬ್ಬ ಗ್ಲುಕೋಸ್ ಬಾಟಲಿಯ ಕಂಬಕ್ಕೆ ಎಡವಿದ. ಸಾರ್ ಹಾಸಿಗೆಯಲ್ಲಿ ಸಣ್ಣಗಾಗಿದ್ದರು, ಬಾಯಿ ಒಂದು ಕಡೆ ಎಳೆದಿತ್ತು. ಕಣ್ಣು ತೆರೆದು ನಮ್ಮನ್ನು ಮೇಲಿಂದ ಕೆಳಗೆ ನೋಡಿದರು. ಏನೋ ಹೇಳಲು ತುಟಿ ಆಡಿಸಿದರು. ನಾನು ಬಗ್ಗಿ ಕಿವಿ ಕೊಟ್ಟೆ.

"ಚ...ಪ್ಪಲ್. ಹೊರ...ಗ."

ನೋಡಿಕೊಂಡರೆ ನಾವೆಲ್ಲರೂ ಚಪ್ಪಲಿ ಹಾಕಿಕೊಂಡೇ ಒಳಗೆ ನಿಂತಿದ್ದೆವು. ಹೊರಗೆ ಹೋಗಿ ಬಿಟ್ಟು ಮತ್ತೆ ಬಂದೆವು. ಅಷ್ಟರಲ್ಲಿ ಸಾರ್ ಕಣ್ಣು ಮುಚ್ಚಿದ್ದರು. ತಣ್ಣನೆಯ ನೆಲದ ಮೇಲೆ ಬರಿಗಾಲಲ್ಲಿ ನಿಂತೆವು. ನಮ್ಮವರು ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ನಿಂತದ್ದನ್ನು ನಾನು ಅದೇ ಮೊದಲು ಕಂಡದ್ದು.

ಸಿಸ್ಟರ್ ಬಂದು, ಇಷ್ಟು ಜನ ಯಾಕೆ, ಯಾರು ನೀವು, ಸಂಬಂಧಿಕರೇ ಎಂದು ತೆಲುಗಿನಲ್ಲಿ ಗದರಿದಳು.

ಮಲ್ಲೇಶಿ ಕೈ ಕಟ್ಟಿಕೊಂಡು, ಎಂದೂ ಇಲ್ಲದ ಮೆತ್ತನೆಯ ದನಿಯಲ್ಲಿ ಹೇಳಿದ: "ಸಾರ್‌ದು ಹಾಕಿ ಟೀಮ್ ಅಮ್ಮಾ ನಾವು."

ಹಾಸಿಗೆಯಿಂದ ದನಿ ಬಂತು. ಕಣ್ಣು ಮುಚ್ಚಿಯೇ ಇತ್ತು, ಆದರೆ ಮಾತು ತೊದಲಲಿಲ್ಲ.

"ಸುಳ್ಳು," ಎಂದರು ಮೈಲಾರಪ್ಪ ಸಾರ್.

ಅವರ ಬಾಯಿಂದ ನಾವು ಕೇಳಿದ ಕೊನೆಯ ಮಾತು ಅದು.